ಮೂಗಿಗೂ ಮೊದಲೇ ಮೂಸುವ ಪೊರೆ

ಟೀವಿಯನ್ನೋ ಮಿಕ್ಸಿಯನ್ನೋ ಹೊತ್ತು ತಂದ ಪೆಟ್ಟಿಗೆಯ ಥರ್ಮಾಕೋಲ್ ತುಂಡೊಂದು ನಿಮ್ಮ ಮನೆಯ ಅಟ್ಟದಲ್ಲಿ ಬಿದ್ದಿರಬಹುದು. ಅದನ್ನು ಅಂಗಳಕ್ಕೆ ತಂದು ಎರಡು ಹನಿ ಪೆಟ್ರೋಲ್ ಬಿಟ್ಟು ನೋಡಿ. (ಬೆಂಕಿಕಡ್ಡಿ ಮತ್ತು ಮಕ್ಕಳು ದೂರವಿರಲಿ.) ಹನಿ ಬಿದ್ದಲ್ಲಿ ಥರ್ಮಾಕೋಲ್ ಸುಯ್ಯೆಂದು ಕುಸಿದು ಗುಳಿ ಬೀಳುತ್ತದೆ. ಅದೇ ಜಾಗಕ್ಕೆ ಒಂದು ಚೆಂಬು ನೀರು ಸುರಿದಿದ್ದರೆ ಏನೂ ಆಗುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ. ಸೈಕಲ್ಲಿನ ವಾಲ್ವ್‌ಟ್ಯೂಬಿನ ಚೂರೊಂದನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಿ. ಬೆಳಗ್ಗೆ ಎದ್ದು ನೋಡಿದರೆ ಅದು ಮಳೆಗಾಲದ ಎರೆಹುಳುವಿನಂತೆ ಉಬ್ಬಿ ಮೆತ್ತಗಾಗಿರುತ್ತದೆ. ಹೊರಗೆ ತೆಗೆದು ಗಾಳಿಗೆ ಇಟ್ಟರೆ ಎಣ್ಣೆ ಆರಿದಂತೆಲ್ಲ ಮತ್ತೆ ಕುಗ್ಗುತ್ತದೆ.

ಇದರಲ್ಲೇನು ವಿಶೇಷ? ಥರ್ಮಾಕೋಲ್, ರಬ್ಬರ್, ಪ್ಲಾಸ್ಟಿಕ್ ಇವೆಲ್ಲ ಪಾಲಿಮರ್‌ಗಳು. ಅಂದರೆ ಒಂದೇ ಬಗೆಯ ಚಿಕ್ಕ ಅಣುಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕೊಂಡಿ ಹಾಕಿಕೊಂಡು ಉದ್ದಕ್ಕೆ ಹೆಣೆದುಕೊಂಡ ಸರಪಳಿಗಳು. ಈ ಸರಪಳಿಗಳ ಸಂದಿಯಲ್ಲಿ ಕೆಲವು ರಾಸಾಯನಿಕಗಳು ಸಲೀಸಾಗಿ ನುಗ್ಗಿ ಕೂರುತ್ತವೆ. ಕೆಲವಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ನೆಂಟರಿಷ್ಟರನ್ನು ಮಾತ್ರ ಒಳಗೆ ಕರೆದು ಕೂರಿಸುವ ಮನೆಯಂತೆ ಪ್ರತಿಯೊಂದು ಪಾಲಿಮರ್‌ಗೂ ಅದರದ್ದೇ ನೆಂಟಸ್ತಿಕೆ. ನೆಂಟರು ಬಂದಷ್ಟೂ ಮನೆ ಉಬ್ಬುತ್ತದೆ. ಅವರು ಹೊರಟರೆ ಮನೆ ಮೊದಲಿನಂತೆ.

ದ್ರವವೇ ಬೇಕೆಂದಿಲ್ಲ, ಅದರ ಆವಿ ತಾಗಿದರೂ ಸಾಕು. ಮೆಕ್ಯಾನಿಕ್ಕುಗಳ ಕಣ್ಣಿಗೆ ಇದು ವಾಷರ್ ಹಾಳುಮಾಡುವ ಪಿಡುಗು. ಆದರೆ ವಿಜ್ಞಾನಿಗಳು ಇದೇ ದೋಷವನ್ನು ಗುಣವಾಗಿ ಬಳಸಿಕೊಂಡರು. ಕೂದಲೆಳೆಗಿಂತ ಹತ್ತಾರು ಪಟ್ಟು ತೆಳುವಾದ ಪಾಲಿಮರ್ ಪೊರೆಯೊಂದನ್ನು ಗಾಳಿಗೆ ಒಡ್ಡಿ, ಅದು ಎಷ್ಟು ಉಬ್ಬಿತು ಎಂಬುದನ್ನು ಅಳೆದು, ಗಾಳಿಯಲ್ಲಿ ಯಾವ ವಿಷ ಬೆರೆತಿದೆ ಎಂದು ಹೇಳುವ ವಿದ್ಯೆಯನ್ನು ಕಲಿತರು. ಈ ವಿದ್ಯೆ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ನಾವು ಭೋಪಾಲಕ್ಕೆ ಹೋಗಬೇಕು.

ಕಣ್ಣೀರೇ ಮೀಟರ್

1984ರ ಡಿಸೆಂಬರ್ 2ರ ರಾತ್ರಿ. ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೇ ನಂಬರಿನ ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಇತ್ತು. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಪಾಳಿಯಲ್ಲಿದ್ದ ಕೆಲಸಗಾರರ ಕಣ್ಣು ಉರಿಯತೊಡಗಿತು. ನೀರು ಸುರಿಯತೊಡಗಿತು. ಎಲ್ಲೋ ಸೋರುತ್ತಿದೆ ಎಂದು ಅವರಿಗೆ ಗೊತ್ತಾದದ್ದೇ ಹಾಗೆ. ಅದೇನು ಹೊಸತಲ್ಲ, ಚಿಕ್ಕಪುಟ್ಟ ಸೋರಿಕೆಗಳನ್ನು ಅಲ್ಲಿ ಕಣ್ಣುರಿಯಿಂದಲೇ ಪತ್ತೆ ಮಾಡುವ ರೂಢಿ ಬಿದ್ದುಹೋಗಿತ್ತು. ಸರಿ, ಚಹಾ ಕುಡಿದು ಬಂದು ನೋಡೋಣ ಎಂದು ತೀರ್ಮಾನವಾಯಿತು. ಚಹಾ ಮುಗಿಯುವ ಹೊತ್ತಿಗೆ ಟ್ಯಾಂಕಿನ ಒತ್ತಡ ಕೈಮೀರಿತ್ತು.

ಇಲ್ಲೊಂದು ಲೆಕ್ಕ ನೋಡಿ. ಎಂಟು ತಾಸಿನ ಪಾಳಿಯಲ್ಲಿ ಕೆಲಸಗಾರ ಉಸಿರಾಡುವ ಗಾಳಿಯಲ್ಲಿ ಈ ವಿಷ ಎಷ್ಟಿರಬಹುದು? ಹತ್ತು ಲಕ್ಷ ಪಾಲು ಗಾಳಿಯಲ್ಲಿ 0.02 ಪಾಲು, ಅಂದರೆ 0.02 ಪಿಪಿಎಂ. ಬೆಂಗಳೂರಿನಿಂದ ರಾಮನಗರದವರೆಗಿನ ದಾರಿಯಲ್ಲಿ ಒಂದೇ ಒಂದು ಮಿಲಿಮೀಟರ್ ಎಷ್ಟೋ ಅಷ್ಟು. ಆದರೆ ಮನುಷ್ಯನ ಕಣ್ಣು ಉರಿದು ನೀರು ಬರುವುದು ವಿಷದ ಪ್ರಮಾಣ 2 ಪಿಪಿಎಂ ಆಸುಪಾಸಿಗೆ ಬಂದಾಗ. ಆಗಲೂ ಮೂಗಿಗೆ ವಾಸನೆ ಬರುವುದಿಲ್ಲ. ಅಂದರೆ 'ಏನೋ ಸೋರುತ್ತಿದೆ' ಎಂದು ದೇಹ ಹೇಳುವ ಹೊತ್ತಿಗೆ ವಿಷ ಸುರಕ್ಷಿತ ಮಿತಿಯ ನೂರು ಪಟ್ಟು ಆಗಿರುತ್ತದೆ! ಕಣ್ಣೀರನ್ನು ಮೀಟರಿನಂತೆ ಬಳಸುವುದೆಂದರೆ ಇಷ್ಟು ತಡವಾಗಿ ಎಚ್ಚರಗೊಳ್ಳುವುದು.

ಊರಿಗೆ ಕೇಳಿಸುವ ಸೈರನ್ ಅಂದು ತಡವಾಗಿ ಕೂಗಿತು, ಸ್ವಲ್ಪ ಹೊತ್ತಿನಲ್ಲೇ ನಿಂತಿತು, ಮತ್ತೆ ಮೊಳಗುವ ವೇಳೆಗೆ ಕಾರ್ಖಾನೆಯ ಸುತ್ತಲಿನ ಗುಡಿಸಲುಗಳಲ್ಲಿ ಮಲಗಿದ್ದವರು ಉಸಿರಿಗಾಗಿ ಓಡುತ್ತಿದ್ದರು. ಮಧ್ಯಪ್ರದೇಶ ಸರ್ಕಾರವೇ ದೃಢಪಡಿಸಿದ ಸಾವಿನ ಸಂಖ್ಯೆ 3,787. ಆಮೇಲಿನ ವರ್ಷಗಳಲ್ಲಿ ನರಳಿ ಸತ್ತವರ ಲೆಕ್ಕ ಬೇರೆ.

ಮೂಗಿನ ಮೂರು ದೋಷಗಳು

ನಮ್ಮ ಮೂಗು ಸಾಮಾನ್ಯದ್ದಲ್ಲ. ಪಕ್ಕದ ಮನೆಯ ಒಗ್ಗರಣೆ, ಮೊದಲ ಮಳೆಯ ಮಣ್ಣು, ಹೊತ್ತಿದ ಹಾಲು ಎಲ್ಲವನ್ನೂ ಬೇರೆಬೇರೆಯಾಗಿ ಗುರುತಿಸುತ್ತದೆ. ಆದರೆ ವಿಷಗಾಳಿಯ ಕಾವಲಿಗೆ ಅದನ್ನು ನಿಲ್ಲಿಸಿದರೆ ಮೂರು ದೋಷಗಳು ಕಾಣುತ್ತವೆ.

ಒಂದು, ಭೋಪಾಲದಲ್ಲಿ ಆದಂತೆ, ತಡವಾಗಿ ಎಚ್ಚರಿಸುತ್ತದೆ. ಎರಡು, ಕೆಲವು ವಿಷಗಳನ್ನು ಅದು ಗುರುತಿಸುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಹೊತ್ತಿಸಿಕೊಂಡು ಮಲಗಿದವರನ್ನು ಕೊಲ್ಲುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಡುಗೆ ಅನಿಲಕ್ಕೂ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಸಿಲಿಂಡರ್ ಸೋರಿದಾಗ ನಮಗೆ ಬರುವ ಕೊಳೆತ ನಾತ ಬೇಕೆಂದೇ ಬೆರೆಸಿದ ಮರ್ಕಾಪ್ಟನ್ ಎಂಬ ವಸ್ತುವಿನದು. 1937ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲಮಾಳಿಗೆಯಲ್ಲಿ ವಾಸನೆಯಿಲ್ಲದ ಅನಿಲ ಸದ್ದಿಲ್ಲದೆ ತುಂಬಿಕೊಂಡು ಸ್ಫೋಟಿಸಿತು. ಹೆಚ್ಚುಕಡಿಮೆ ಮುನ್ನೂರು ಜನ ಸತ್ತರು, ಬಹುಪಾಲು ಮಕ್ಕಳು. ಅನಿಲಕ್ಕೆ ನಾತ ಬೆರೆಸಲೇಬೇಕೆಂಬ ಕಾನೂನು ಬಂದದ್ದು ಆ ಮಕ್ಕಳು ಸತ್ತ ಮೇಲೆ.

ಮೂರನೆಯ ದೋಷ ಎಲ್ಲಕ್ಕಿಂತ ಮೋಸದ್ದು: ಮೂಗು ದಣಿಯುತ್ತದೆ. ಚರಂಡಿಯ ಗುಂಡಿಗಳಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡನ್ನೇ ತೆಗೆದುಕೊಳ್ಳಿ. ಕೊಳೆತ ಮೊಟ್ಟೆಯ ಅದರ ವಾಸನೆ 1 ಪಿಪಿಎಂಗಿಂತ ಕಡಿಮೆ ಇದ್ದಾಗಲೇ ನಮಗೆ ಗೊತ್ತಾಗುತ್ತದೆ. ಆದರೆ ಪ್ರಮಾಣ 100 ಪಿಪಿಎಂ ದಾಟಿದರೆ ಕೆಲವೇ ನಿಮಿಷಗಳಲ್ಲಿ ಮೂಗಿನ ನರಗಳು ಮರಗಟ್ಟುತ್ತವೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡು ಮನುಷ್ಯ ಇನ್ನಷ್ಟು ಆಳಕ್ಕೆ ಇಳಿಯುತ್ತಾನೆ. ಕೆಳಗೆ 700-800 ಪಿಪಿಎಂ ಇದ್ದರೆ ಒಂದೆರಡು ಉಸಿರಿಗೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದ ಎರಡನೆಯವನು, ಅವನನ್ನು ಹುಡುಕಿ ಇಳಿದ ಮೂರನೆಯವನು... ಪತ್ರಿಕೆಗಳಲ್ಲಿ ಇಂಥ ಸುದ್ದಿಯನ್ನು ನಾವು ಎಷ್ಟು ಸಲ ಓದಿಲ್ಲ?

ಹಾಳುಬಾವಿಯ ಹೂಳೆತ್ತುವ ಮೊದಲು ನಮ್ಮ ಹಳ್ಳಿಗಳಲ್ಲಿ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದುದನ್ನು ಹಿರಿಯರು ಬಲ್ಲರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯುವಂತಿಲ್ಲ. ಉಸಿರಾಡುವ ಗಾಳಿ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಆ ದೀಪ ಹೇಳುತ್ತಿತ್ತು, ವಿಷದ ಸುದ್ದಿಯನ್ನಲ್ಲ. ಹೊತ್ತಿಕೊಳ್ಳುವ ಅನಿಲವಿದ್ದ ಕಡೆ ದೀಪವೇ ಅಪಾಯ. ಆದರೂ ಮನುಷ್ಯನ ಬದಲು ಇನ್ನೊಂದನ್ನು ಮೊದಲು ಕಳಿಸಬೇಕೆಂಬ ವಿವೇಕ ಅದರಲ್ಲಿತ್ತು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಆ ಸ್ಥಾನದಲ್ಲಿ ಇದ್ದುದು ಕ್ಯಾನರಿ ಹಕ್ಕಿ. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವೈದ್ಯವಿಜ್ಞಾನಿ 19ನೇ ಶತಮಾನದ ಕೊನೆಯಲ್ಲಿ ಕೊಟ್ಟ ಸಲಹೆ ಅದು. ಪುಟ್ಟ ಹಕ್ಕಿಯ ಉಸಿರಾಟ ಚುರುಕು. ಮನುಷ್ಯನಿಗಿಂತ ಮೊದಲೇ ಅದು ಕೊಂಬೆಯಿಂದ ಉರುಳುತ್ತಿತ್ತು. ಅಲ್ಲಿನ ಗಣಿಗಳಲ್ಲಿ ಕ್ಯಾನರಿಗಳಿಗೆ ನಿವೃತ್ತಿ ಸಿಕ್ಕಿದ್ದು 1986ರಲ್ಲಿ.

ನಿವೃತ್ತಿಯ ನಂತರವೂ ಒಮ್ಮೆ ಕ್ಯಾನರಿಗೆ ಕರೆ ಬಂತು. 1995ರ ಮಾರ್ಚ್ 20ರಂದು ಟೋಕಿಯೊದ ಸುರಂಗ ರೈಲುಗಳಲ್ಲಿ ಓಮ್ ಶಿನ್ರಿಕ್ಯೊ ಪಂಥದವರು ಸರೀನ್ ಎಂಬ ನರವಿಷವನ್ನು ಹರಡಿದರು. ಎರಡು ದಿನಗಳ ನಂತರ ಅವರ ಬಿಡಾರಗಳಿಗೆ ದಾಳಿಯಿಟ್ಟ ಪೊಲೀಸರು ಮೈತುಂಬ ರಕ್ಷಾಕವಚ ತೊಟ್ಟಿದ್ದರು. ಅವರ ಕೈಯಲ್ಲಿ ಪಂಜರ, ಪಂಜರದಲ್ಲಿ ಹಳದಿ ಕ್ಯಾನರಿ! ಇಲೆಕ್ಟ್ರಾನಿಕ್ ವಿದ್ಯೆಯಲ್ಲಿ ಜಗತ್ತಿಗೇ ಹೆಸರಾದ ಜಪಾನಿನ ಪೊಲೀಸರು ಕೂಡ ಅಂದು ಹಕ್ಕಿಯ ಉಸಿರನ್ನು ನಂಬಬೇಕಾಯಿತು.

ಮಸಿ ಬೆರೆಸಿದ ಹಿಟ್ಟು

ಅದೇ ವರ್ಷಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ನೇಥನ್ ಲೂಯಿಸ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಸಂಗಡಿಗರು ಬಹಳ ಸರಳವಾದ ಉಪಾಯವೊಂದನ್ನು ಹೂಡಿದ್ದರು. ಪೊರೆ ಉಬ್ಬುತ್ತದೆ ಸರಿ. ಅಷ್ಟು ಸೂಕ್ಷ್ಮವಾದ ಉಬ್ಬನ್ನು ಅಳೆಯುವುದು ಹೇಗೆ? ಅವರು ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಅದಕ್ಕೆ ನುಣುಪಾದ ಇಂಗಾಲದ ಮಸಿಯನ್ನು ಕಲಸಿದರು. ಟೈರಿಗೆ ಕಪ್ಪು ಬಣ್ಣ ಕೊಡುವ ಅದೇ ಮಸಿ. ಈ ಹಿಟ್ಟನ್ನು ಎರಡು ಲೋಹದ ಪಟ್ಟಿಗಳ ನಡುವೆ ಹೊಯ್ದು ತೆಳ್ಳಗೆ ಹರಡಿದರು, ಕಾವಲಿಯ ಮೇಲೆ ನೀರುದೋಸೆ ಹೊಯ್ದಂತೆ. ದ್ರಾವಕ ಆರಿದ ಮೇಲೆ ಉಳಿಯುವುದು ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು ದಪ್ಪದ ಪೊರೆ.

ಪಾಲಿಮರ್‌ನಲ್ಲಿ ವಿದ್ಯುತ್ ಹರಿಯದು, ಮಸಿಯಲ್ಲಿ ಹರಿಯುತ್ತದೆ. ಪೊರೆಯೊಳಗಿನ ಮಸಿಯ ಕಣಗಳು ಒಂದಕ್ಕೊಂದು ತಾಗಿಕೊಂಡಿರುವವರೆಗೆ ಈ ಪಟ್ಟಿಯಿಂದ ಆ ಪಟ್ಟಿಗೆ ವಿದ್ಯುತ್ ದಾಟುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಕೈಕೈ ಹಿಡಿದು ಸಾಲಾಗಿ ಹೊರಟ ಮಕ್ಕಳನ್ನು ನೆನೆಸಿಕೊಳ್ಳಿ. ನಡುವೆ ಅಪರಿಚಿತರು ನುಗ್ಗಿದರೆ ಏನಾಗುತ್ತದೆ? ಕೈ ತಪ್ಪುತ್ತದೆ. ಪೊರೆಗೆ ಆವಿ ನುಗ್ಗಿದಾಗಲೂ ಅಷ್ಟೆ. ಪಾಲಿಮರ್ ಉಬ್ಬುತ್ತದೆ, ಮಸಿಯ ಕಣಗಳು ದೂರ ಸರಿಯುತ್ತವೆ, ಕೆಲವು ದಾರಿಗಳು ಕಡಿದುಹೋಗುತ್ತವೆ, ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ಎಷ್ಟು ಹೆಚ್ಚಿತು ಎಂಬುದನ್ನು ಅಂಗಡಿಯಲ್ಲಿ ಸಿಗುವ ಮೀಟರಿನಂಥದೇ ಸರ್ಕಿಟ್ ಹೇಳಬಲ್ಲದು. ಶುದ್ಧ ಗಾಳಿ ಬೀಸಿದರೆ ಆವಿ ಹೊರಟುಹೋಗುತ್ತದೆ, ಪೊರೆ ಕುಗ್ಗುತ್ತದೆ, ಕೈಗಳು ಮತ್ತೆ ಕೂಡುತ್ತವೆ. ಪೊರೆ ತೆಳುವಾದಷ್ಟೂ ಆವಿ ಒಳಹೊಕ್ಕು ಹೊರಬರುವುದು ಬೇಗ. ವಾಲ್ವ್‌ಟ್ಯೂಬಿಗೆ ಒಂದು ರಾತ್ರಿ ಬೇಕಾದ ಕೆಲಸ ಇಲ್ಲಿ ಸೆಕೆಂಡುಗಳಲ್ಲಿ ಮುಗಿಯುತ್ತದೆ. ತೆಳುಪೊರೆಯೇ ಏಕೆ ಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ.

ಆದರೆ ಒಂದು ತೊಡಕಿದೆ. ಒಂದು ಪೊರೆಗೆ ನೆಂಟರು ಹಲವರು. ಪೆಟ್ರೋಲಿನ ಆವಿಗೆ ಉಬ್ಬುವ ಪೊರೆ ಪೇಂಟಿನ ಥಿನ್ನರಿಗೂ ಉಬ್ಬೀತು. ಹಾಗಾದರೆ ಯಾರು ಬಂದರೆಂದು ತಿಳಿಯುವುದು ಹೇಗೆ?

ಉತ್ತರ ನಮ್ಮ ಮೂಗಿನಲ್ಲೇ ಇತ್ತು. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆಯವು. 1991ರಲ್ಲಿ ಇವುಗಳ ವಂಶವಾಹಿಗಳನ್ನು ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಮಲ್ಲಿಗೆಗೊಂದು, ಹಿಂಗಿಗೊಂದು ಎಂದು ಪ್ರತ್ಯೇಕ ಗ್ರಾಹಕ ಅಲ್ಲಿಲ್ಲ. ಮಲ್ಲಿಗೆ ಬಂದರೆ ಕೆಲವು ಗ್ರಾಹಕಗಳು ಜೋರಾಗಿ, ಕೆಲವು ಮೆಲ್ಲಗೆ ಮಿಡಿಯುತ್ತವೆ, ಉಳಿದವು ಸುಮ್ಮನಿರುತ್ತವೆ. ಈ ಒಟ್ಟು ವಿನ್ಯಾಸವನ್ನು ಮಿದುಳು 'ಮಲ್ಲಿಗೆ' ಎಂದು ಓದಿಕೊಳ್ಳುತ್ತದೆ. ಇದೇ ಉಪಾಯವನ್ನು ಯಂತ್ರಕ್ಕೂ ಕಲಿಸಬಹುದೆಂದು 1982ರಲ್ಲೇ ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ತೋರಿಸಿದ್ದರು.

ಲೂಯಿಸ್ ತಂಡವೂ ಹಾಗೆಯೇ ಮಾಡಿತು. ಬೇರೆಬೇರೆ ಪಾಲಿಮರ್‌ಗಳ ಪೊರೆಗಳನ್ನು ಒಂದೇ ಹಲಗೆಯ ಮೇಲೆ ಸಾಲಾಗಿ ಕೂರಿಸಿತು. ಆವಿ ಬೀಸಿದಾಗ ಒಂದೊಂದೂ ಒಂದೊಂದು ಅಳತೆಯಲ್ಲಿ ಉಬ್ಬುತ್ತದೆ. ಹತ್ತು ಜನ ಸಾರಿನ ರುಚಿ ನೋಡಿ ಒಬ್ಬ ಉಪ್ಪು ಜಾಸ್ತಿ ಎಂದ, ಒಬ್ಬ ಹುಳಿ ಸಾಲದು ಎಂದ, ಇನ್ನೊಬ್ಬ ಏನೂ ಹೇಳಲಿಲ್ಲ. ಎಲ್ಲರ ಮಾತು ಸೇರಿದರೆ ಅಡುಗೆ ಯಾರದೆಂದು ಊಹಿಸಬಹುದಲ್ಲ, ಹಾಗೆ. ಯಂತ್ರಕ್ಕೆ ಮೊದಲು ಪಾಠ ಹೇಳಬೇಕು: ಇದು ಬೆಂಜೀನ್, ಇದು ಅಸಿಟೋನ್, ಇದು ಮದ್ಯಸಾರ ಎಂದು ಒಂದೊಂದನ್ನೂ ಮೂಸಿಸಬೇಕು. ಆಮೇಲೆ ಕಂಪ್ಯೂಟರ್ ತನ್ನ ನೆನಪಿನ ವಿನ್ಯಾಸಗಳೊಂದಿಗೆ ಹೋಲಿಸಿ ಹೆಸರು ಹೇಳುತ್ತದೆ. 1997ರಲ್ಲಿ ಈ ವಿದ್ಯೆಯನ್ನು ಮಾರುಕಟ್ಟೆಗೆ ತರಲು ಹುಟ್ಟಿದ ಕಂಪನಿಗೆ ಸಿರನೊ ಎಂದೇ ಹೆಸರಿಟ್ಟರು. ಫ್ರೆಂಚ್ ನಾಟಕವೊಂದರ ಉದ್ದ ಮೂಗಿನ ನಾಯಕನ ಹೆಸರದು. ಕೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಅವರ ಯಂತ್ರದಲ್ಲಿ 32 ಪೊರೆಗಳಿದ್ದವು.

1998ರ ಅಕ್ಟೋಬರ್‌ನಲ್ಲಿ 77ರ ಹರೆಯದ ಜಾನ್ ಗ್ಲೆನ್ ಎರಡನೆಯ ಬಾರಿ ಬಾಹ್ಯಾಕಾಶಕ್ಕೆ ಹಾರಿದ್ದು ಎಲ್ಲೆಡೆ ಸುದ್ದಿಯಾಯಿತು. ಅದೇ ನೌಕೆಯಲ್ಲಿ ಪಾಲಿಮರ್ ಪೊರೆಗಳ ಮೂಗೂ ಹಾರಿತ್ತು. ಕಿಟಕಿ ತೆರೆಯಲಾಗದ ಮನೆಯಲ್ಲಿ ಗಗನಯಾತ್ರಿಗಳ ಮೂಗಿಗಿಂತ ಮೊದಲು ಸೋರಿಕೆಯನ್ನು ಪತ್ತೆ ಮಾಡುವುದು ಅದರ ಕೆಲಸ. ಇನ್ನಷ್ಟು ಸುಧಾರಿಸಿದ ಮೂಗನ್ನು ಹತ್ತು ವರ್ಷಗಳ ಬಳಿಕ, 2008ರ ಕೊನೆಯಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೂರಿಸಿದರು.

ತೂಗುವ, ಹೊಳೆಯುವ, ಹರಿಸುವ ಪೊರೆಗಳು

ಪೊರೆಯ ಮಾತನ್ನು ಆಲಿಸಲು ವಿದ್ಯುತ್ ತಡೆಯೊಂದೇ ದಾರಿಯಲ್ಲ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಮೆತ್ತಿದರೆ ಅದರ ನಾದ ತಗ್ಗುತ್ತದೆ, ಅಲ್ಲವೆ? ಕೈಗಡಿಯಾರದಲ್ಲಿರುವಂಥ ಕ್ವಾರ್ಟ್ಜ್ ಹರಳು ಕೂಡ ಒಂದು ಬಗೆಯ ಮೃದಂಗ. ವಿದ್ಯುತ್ ಕೊಟ್ಟರೆ ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಕಂಪಿಸುತ್ತದೆ. ಅದರ ಮೇಲೆ ಕೂತ ಧೂಳಿನಷ್ಟು ತೂಕವೂ ಕಂಪನವನ್ನು ತಗ್ಗಿಸುತ್ತದೆ ಎಂಬ ಲೆಕ್ಕವನ್ನು 1959ರಲ್ಲಿ ಜರ್ಮನಿಯ ಗುಂಟರ್ ಸಾವರ್‌ಬ್ರೇ ಕೊಟ್ಟರು. ಹರಳಿನ ಮೇಲೆ ಪಾಲಿಮರ್ ಪೊರೆ ಬಳಿದರೆ ಅದು ಆವಿಯನ್ನು ಹೀರಿ ಭಾರವಾಗುತ್ತದೆ, ಶ್ರುತಿ ಇಳಿಯುತ್ತದೆ. ಸರೀನ್‌ನಂಥ ರಂಜಕದ ವಿಷಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವ ಪಾಲಿಮರ್‌ಗಳನ್ನು ಬಳಿದು ಇಂಥ ಕಂಪಿಸುವ ಸಂವೇದಕಗಳನ್ನು ಸೇನೆಗಳಿಗಾಗಿ ರೂಪಿಸಿದ್ದಾರೆ.

ಇನ್ನೊಂದು ದಾರಿ ಬೆಳಕಿನದು. ಹಿಂದೆ ದೀಪಾವಳಿಗೆ, ಗಣೇಶನ ಮಂಟಪಕ್ಕೆ ಕಟ್ಟುತ್ತಿದ್ದ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲಿಗೆ ಸಾಲೇ ಆರಿಹೋಗುತ್ತಿತ್ತು. 1998ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಟಿಮತಿ ಸ್ವಾಗರ್ ಅವರ ತಂಡ ಹೊಳೆಯುವ ಪಾಲಿಮರ್‌ನ ಪೊರೆ ತಯಾರಿಸಿತು. ಅದರ ಉದ್ದನೆಯ ಸರಪಳಿಯಲ್ಲಿ ಒಂದೇ ಕಡೆ ಟಿಎನ್‌ಟಿ ಸ್ಫೋಟಕದ ಅಣು ಬಂದು ಕೂತರೂ ಇಡೀ ಸರಪಳಿಯ ಹೊಳಪು ಮಂಕಾಗುತ್ತದೆ. ಹೂತಿಟ್ಟ ನೆಲಬಾಂಬಿನಿಂದ ಹೊರಸೂಸುವ ಆವಿಯ ಎಳೆಯನ್ನು ಹಿಡಿಯಲು ಇದು ನೆರವಾಯಿತು. ಈ ತತ್ತ್ವದ ಯಂತ್ರಕ್ಕೆ ಅವರಿಟ್ಟ ಹೆಸರು 'ಫೈಡೊ'. ನಮ್ಮ ಟಾಮಿಯಂತೆ ಅಲ್ಲಿ ನಾಯಿಗೆ ಇಡುವ ಹೆಸರು.

ಮೂರನೆಯದು ತಾನೇ ವಿದ್ಯುತ್ ಹರಿಸುವ ಪಾಲಿಮರ್. ಅದರ ಕತೆ ಒಂದು ತಪ್ಪಿನಿಂದ ಆರಂಭವಾಗುತ್ತದೆ. ಜಪಾನಿನ ಹಿದೆಕಿ ಶಿರಾಕಾವ ಅವರ ಪ್ರಯೋಗಾಲಯದಲ್ಲಿ ಯಾರೋ ಕೈತಪ್ಪಿ ಸಾವಿರ ಪಟ್ಟು ಹೆಚ್ಚು ವೇಗವರ್ಧಕ ಸುರಿದರು. ಕಪ್ಪು ಪುಡಿಯಾಗಬೇಕಿದ್ದ ಪಾಲಿಅಸಿಟಿಲೀನ್ ಬೆಳ್ಳಿಯಂತೆ ಮಿರುಗುವ ಪೊರೆಯಾಯಿತು. 1977ರಲ್ಲಿ ಅಲನ್ ಮ್ಯಾಕ್‌ಡೈರ್‌ಮಿಡ್ ಮತ್ತು ಅಲನ್ ಹೀಗರ್ ಅವರೊಂದಿಗೆ ಕೂಡಿ ಆ ಪೊರೆಗೆ ಅಯೊಡಿನ್ ಆವಿ ಹಾಯಿಸಿದಾಗ ಅದರ ವಿದ್ಯುತ್ ವಾಹಕತೆ ಕೋಟಿ ಪಟ್ಟು ಏರಿತು. ಮೂವರಿಗೂ 2000ದಲ್ಲಿ ನೊಬೆಲ್ ಸಿಕ್ಕಿತು. ವಿದ್ಯುತ್ ಹರಿಸುವ ಪ್ಲಾಸ್ಟಿಕ್ಕನ್ನು ಅವರು ಜಗತ್ತಿಗೆ ಕೊಟ್ಟರು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆವಿ ತಾಗಿದೊಡನೆ ಗುಣ ಬದಲಿಸಿದ ಆ ಪೊರೆ ಹುಟ್ಟಿನಿಂದಲೇ ಒಂದು ಮೂಗಾಗಿತ್ತು! ಇದೇ ಬಳಗದ ಪಾಲಿಅನಿಲೀನ್ ಎಂಬ ಪೊರೆಗೆ ಅಮೋನಿಯ ತಾಗಿದರೆ ಅದರ ವಿದ್ಯುತ್ ತಡೆ ಥಟ್ಟನೆ ಏರುತ್ತದೆ. ಮಂಜುಗಡ್ಡೆ ಕಾರ್ಖಾನೆಗಳಲ್ಲಿ, ಶೀತಲಗೃಹಗಳಲ್ಲಿ ತಂಪು ಮಾಡಲು ಬಳಸುವ ಅನಿಲ ಅಮೋನಿಯ. ನಮ್ಮ ಕರಾವಳಿಯ ಮೀನುಗಾರಿಕೆ ನಿಂತಿರುವುದೇ ಮಂಜುಗಡ್ಡೆಯ ಮೇಲೆ ಎಂಬುದನ್ನು ನೆನೆದರೆ ಈ ಪೊರೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ.

ಮಳೆಗಾಲದ ನೆಗಡಿ

ಹಾಗಾದರೆ ಪ್ರತಿ ಕಾರ್ಖಾನೆಯ ಬೇಲಿಗೂ ಒಂದೊಂದು ಪೊರೆ ಕಟ್ಟಿ ನಿಶ್ಚಿಂತೆಯಿಂದ ಇರಬಹುದೆ?

ಅಷ್ಟು ಸುಲಭವಲ್ಲ. ಪಾಲಿಮರ್ ಮೂಗಿಗೂ ನೆಗಡಿಯಾಗುತ್ತದೆ. ಹಲವು ಪೊರೆಗಳು ವಿಷದ ಆವಿಯಂತೆಯೇ ನೀರಾವಿಗೂ ಉಬ್ಬುತ್ತವೆ. ಒಣ ಹವೆಯ ಪ್ರಯೋಗಾಲಯದಲ್ಲಿ ಪಾಠ ಕಲಿತ ಯಂತ್ರವನ್ನು ಆಷಾಢದ ಮಂಗಳೂರಿನಲ್ಲಿ ನಿಲ್ಲಿಸಿದರೆ ಅದಕ್ಕೆ ಗೊಂದಲವಾಗುವುದು ಸಹಜ. ಬಿಸಿಲು ಏರಿದರೆ ಪೊರೆಯೊಳಗೆ ಕೂತ ಆವಿ ಬೇಗ ಎದ್ದುಹೋಗುತ್ತದೆ, ಅಳತೆ ಕಡಿಮೆ ತೋರುತ್ತದೆ. ಆದ್ದರಿಂದ ಪಕ್ಕದಲ್ಲೇ ತೇವ ಮತ್ತು ಉಷ್ಣತೆಯನ್ನು ಅಳೆಯುವ ಸಂವೇದಕಗಳಿಟ್ಟು ಲೆಕ್ಕ ಸರಿಪಡಿಸಬೇಕು. ವರ್ಷ ಕಳೆದಂತೆ ಪೊರೆ ಮುದಿಯಾಗುತ್ತದೆ. ಆಗಾಗ ಗೊತ್ತಿರುವ ಆವಿಯನ್ನು ಮೂಸಿಸಿ ತಾಳೆ ನೋಡಬೇಕು. ಬೀದಿಯ ತಕ್ಕಡಿಗೆ ತೂಕಮಾಪನ ಇಲಾಖೆಯವರು ಮುದ್ರೆ ಹಾಕಿದಂತೆ.

ಎಲ್ಲ ವಿಷಕ್ಕೂ ಇದೇ ಮದ್ದೂ ಅಲ್ಲ. ಥಿನ್ನರ್, ಬೆಂಜೀನ್, ಸ್ಟೈರೀನ್‌ಗಳಂಥ ಸಾವಯವ ಆವಿಗಳಿಗೆ ಉಬ್ಬುವ ಪೊರೆ ಸೂಕ್ತ. ಕಾರ್ಬನ್ ಮೊನಾಕ್ಸೈಡ್, ಹೈಡ್ರೊಜನ್ ಸಲ್ಫೈಡ್‌ಗಳಿಗೆ ಪುಟ್ಟ ಬ್ಯಾಟರಿಯಂತೆ ಕೆಲಸ ಮಾಡುವ ವಿದ್ಯುದ್ರಾಸಾಯನಿಕ ಕೋಶಗಳೇ ವಾಸಿ. ಅಂಗಿಯ ಕಿಸೆಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದಾದ ಅಂಥ ಮೀಟರುಗಳು ಬಹಳ ವರ್ಷಗಳಿಂದ ಸಿಗುತ್ತಿವೆ.

ಇವೆಲ್ಲವುಗಳಿಗಿಂತ ದೊಡ್ಡ ತೊಂದರೆ ಸುಳ್ಳು ಕೂಗಿನದು. ತೇವ ಹೆಚ್ಚಿತೆಂದು ಒಂದು ರಾತ್ರಿ, ಗೋಡೆಗೆ ಬಣ್ಣ ಬಳಿದರೆಂದು ಇನ್ನೊಂದು ರಾತ್ರಿ ಗಂಟೆ ಬಾರಿಸಿದರೆ ಕಾವಲಿನವರು ಮೂರನೆಯ ರಾತ್ರಿ ಅದರ ತಂತಿ ಕಿತ್ತಿಡುತ್ತಾರೆ. ನಾಲ್ಕನೆಯ ರಾತ್ರಿ ನಿಜವಾದ ತೋಳ ಬರುತ್ತದೆ.

ವಿಶಾಖಪಟ್ಟಣದ ಗುಂಡಿಗಳು

ಪೆಟ್ರೋಲ್ ಹನಿಗೆ ಕರಗಿದ ನಮ್ಮ ಥರ್ಮಾಕೋಲಿಗೆ ಮರಳೋಣ. ಅದರ ರಾಸಾಯನಿಕ ಹೆಸರು ಪಾಲಿಸ್ಟೈರೀನ್. ಸ್ಟೈರೀನ್ ಎಂಬ ದ್ರವದ ಅಣುಗಳು ಕೊಂಡಿ ಹಾಕಿಕೊಂಡು ಆದ ಪಾಲಿಮರ್. ಅದೇ ಸ್ಟೈರೀನಿನ ದೊಡ್ಡ ಟ್ಯಾಂಕುಗಳು ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದ ಎಲ್.ಜಿ. ಪಾಲಿಮರ್ಸ್ ಕಾರ್ಖಾನೆಯಲ್ಲಿದ್ದವು. 2020ರ ಲಾಕ್‌ಡೌನಿನಲ್ಲಿ ಕಾರ್ಖಾನೆ ನಿಂತಿತ್ತು, ಟ್ಯಾಂಕುಗಳು ತುಂಬಿದ್ದವು. ಬೇಸಿಗೆಯ ಸೆಕೆ. ಸ್ಟೈರೀನ್ ಬಿಸಿಯಾದರೆ ತಾನಾಗಿಯೇ ಕೊಂಡಿ ಹಾಕಿಕೊಳ್ಳತೊಡಗುತ್ತದೆ, ಕೊಂಡಿ ಹಾಕಿಕೊಂಡಂತೆ ಇನ್ನಷ್ಟು ಬಿಸಿಯಾಗುತ್ತದೆ. ಇದನ್ನು ತಡೆಯಲು ಬೆರೆಸಬೇಕಾದ ಮದ್ದು ಸಾಕಷ್ಟು ಇರಲಿಲ್ಲ. ಮೇ 7ರ ನಸುಕಿನ ಮೂರು ಗಂಟೆಯ ಹೊತ್ತಿಗೆ ಟ್ಯಾಂಕಿನಿಂದ ಎದ್ದ ಆವಿ ಮಲಗಿದ್ದ ಊರನ್ನು ಆವರಿಸಿತು. 12 ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು.

ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿಯ ವರದಿಯಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಟ್ಯಾಂಕಿನ ಉಷ್ಣತೆಯನ್ನು ಅಳೆಯುವ ಉಪಕರಣ ಇದ್ದದ್ದು ತಳದಲ್ಲಿ ಮಾತ್ರ. ಮೇಲ್ಭಾಗ ಕುದಿಯುತ್ತಿದ್ದರೂ ತಳ ತಣ್ಣಗಿದೆ ಎಂದೇ ಅದು ಹೇಳುತ್ತಿತ್ತು. ಇನ್ನೊಂದು, ಕಾರ್ಖಾನೆಯಲ್ಲಿ ಸೈರನ್ ಮೊಳಗಿಸುವ ಗುಂಡಿಗಳು 36 ಕಡೆ ಇದ್ದವು. ಅಂದು ಒಂದನ್ನೂ ಒತ್ತಲಿಲ್ಲ.

ಸ್ಟೈರೀನಿಗೆ ಪಾಲಿಸ್ಟೈರೀನಿನ ಪೊರೆಗಿಂತ ಹತ್ತಿರದ ನೆಂಟ ಇನ್ನಾರು? ಊರಿನ ದಿಕ್ಕಿನ ಬೇಲಿಯಲ್ಲಿ ಒಂದು ಸಾಲು ಪೊರೆಗಳಿದ್ದು, ಯಾರ ಬೆರಳಿಗೂ ಕಾಯದೆ ಅವು ತಾವೇ ಸೈರನ್ನಿಗೆ ಸುದ್ದಿ ಮುಟ್ಟಿಸುವಂತಿದ್ದರೆ ಟ್ಯಾಂಕಿನ ಕುದಿ ನಿಲ್ಲುತ್ತಿರಲಿಲ್ಲ, ನಿಜ. ಆದರೆ ಮಲಗಿದ್ದವರಿಗೆ ಎದ್ದು ಓಡಲು ಕೆಲವು ನಿಮಿಷಗಳು ಸಿಗುತ್ತಿದ್ದವು. ವಿಷಗಾಳಿಯ ಎದುರು ಬದುಕು ಸಾವಿನ ಅಂತರ ಅಷ್ಟೇ ನಿಮಿಷಗಳದು.

ಭೋಪಾಲಕ್ಕೂ ವಿಶಾಖಪಟ್ಟಣಕ್ಕೂ ನಡುವೆ 35 ವರ್ಷಗಳು. ಆ ಅವಧಿಯಲ್ಲಿ ಪೊರೆ ಪ್ರಯೋಗಾಲಯದಿಂದ ಬಾಹ್ಯಾಕಾಶದವರೆಗೆ ಹೋಗಿಬಂತು. ನಮ್ಮಲ್ಲಿ ಕಾನೂನುಗಳೂ ಬಂದವು: 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ. ಚರಂಡಿಗೆ ಮನುಷ್ಯರನ್ನು ರಕ್ಷಣೆಯಿಲ್ಲದೆ ಇಳಿಸುವುದನ್ನು ನಿಷೇಧಿಸುವ ಕಾನೂನು 2013ರಲ್ಲಿ ಬಂತು. ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿಲ್ಲವೆಂದೇ ಅರ್ಥ. ಗುಂಡಿಯೊಳಗಿನ ಗಾಳಿ ಹೇಗಿದೆ ಎಂದು ತಿಳಿಯಲು ಕಿಸೆಯಲ್ಲಿಡುವ ಮೀಟರ್ ಇದೆ. ಆದರೂ ಬಡವನ ಮೂಗನ್ನೇ ಮೊದಲು ಇಳಿಸುತ್ತೇವೆ. ಏಕೆಂದರೆ ಅದು ಅಗ್ಗ.

ಬಾವಿಗೆ ದೀಪ ಇಳಿಬಿಡುತ್ತಿದ್ದ ಹಿರಿಯರಿಗೆ ಪಾಲಿಮರ್ ಗೊತ್ತಿರಲಿಲ್ಲ, ಪಿಪಿಎಂ ಗೊತ್ತಿರಲಿಲ್ಲ. ಅವರ ಉಪಕರಣ ಒರಟಾದದ್ದು. ಹೇಳಬೇಕಾದದ್ದರಲ್ಲಿ ಅರ್ಧವನ್ನೂ ಹೇಳುತ್ತಿರಲಿಲ್ಲ. ಆದರೆ ದೀಪ ಆರಿದರೆ ಅವರು ಅದರೊಡನೆ ವಾದಕ್ಕೆ ನಿಲ್ಲುತ್ತಿರಲಿಲ್ಲ. 'ಚಹಾ ಕುಡಿದು ಬಂದು ನೋಡೋಣ' ಎನ್ನುತ್ತಿರಲಿಲ್ಲ. ಹಗ್ಗ ಸುತ್ತಿ, ಅಂದಿನ ಕೆಲಸ ಬಿಟ್ಟು, ಮನೆಗೆ ಹೋಗುತ್ತಿದ್ದರು.

ಒಂದು ಮೈಕ್ರಾನಿನ ಪೊರೆ ಆ ದೀಪಕ್ಕಿಂತ ಬಹಳ ಜಾಣ. ಅದರ ಮಾತು ಕೇಳುವ ಜಾಣತನವನ್ನು ಮಾತ್ರ ಯಾವ ಪ್ರಯೋಗಾಲಯವೂ ತಯಾರಿಸಿ ಕೊಡಲಾರದು.